ಗಾಳಿಯ ಕಾವಲಿನ ಗ್ರಂಥಭಂಡಾರ

ದಕ್ಷಿಣ ಕೊರಿಯಾದ ಗಯಾ ಪರ್ವತದ ಮಡಿಲಲ್ಲಿ, 802ರಲ್ಲಿ ಸ್ಥಾಪಿತವಾದ ಹೇಯಿನ್ಸಾ ಎಂಬ ಬೌದ್ಧವಿಹಾರದ ಅತ್ಯುನ್ನತವಾದ ಜಗತಿಯ ಮೇಲೆ, ಬುದ್ಧಮಂದಿರಕ್ಕಿಂತಲೂ ಎತ್ತರದಲ್ಲಿ, ಉದ್ದನೆಯ ಎರಡು ಮರದ ಕಟ್ಟಡಗಳು ಒಂದರ ಹಿಂದೊಂದು ನಿಂತಿರುವುವು. ಮುಂದಿನದರ ಹೆಸರು ‘ಸುದರಾಜಾಂಗ್’. ನಮ್ಮ ‘ಸೂತ್ರ’ ಶಬ್ದವೇ ಚೀನವನ್ನು ಹಾಯ್ದು ಅಲ್ಲಿಗೆ ಹೋಗಿ ‘ಸುದರ’ವಾಗಿದೆ ಎಂಬುದನ್ನು ಅರಿತಾಗ, ದೂರದೂರಿನಲ್ಲಿ ನಂಟರ ಮನೆಯನ್ನು ಕಂಡಂತಾಗುತ್ತದೆ.

ಅಲ್ಲಿರುವುದು ಹೊತ್ತಗೆಗಳಲ್ಲ, ಬೌದ್ಧ ಧರ್ಮಗ್ರಂಥಗಳ ಸಂಗ್ರಹವಾದ ತ್ರಿಪಿಟಕವನ್ನು ಸಮಗ್ರವಾಗಿ ಅಚ್ಚಿಳಿಸಲು ಕೆತ್ತಿದ, ಎಂಬತ್ತೊಂದು ಸಾವಿರಕ್ಕೂ ಮಿಕ್ಕಿದ ಮರದ ಫಲಕಗಳು. ಉತ್ತರದ ಖಿತಾನ ಜನಾಂಗದವರ ದಾಳಿಯ ಕಾಲದಲ್ಲಿ, 1011ರ ಸುಮಾರಿಗೆ ಕೆತ್ತಲು ತೊಡಗಿದ ಮೊದಲ ಫಲಕಗಳನ್ನು 1232ರಲ್ಲಿ ಮಂಗೋಲರು ಸುಟ್ಟುಬಿಟ್ಟರು. ರಾಜಧಾನಿಯನ್ನು ಬಿಟ್ಟು ಗಂಗ್ವಾ ದ್ವೀಪವನ್ನು ಆಶ್ರಯಿಸಿದ್ದ, ಆಗ ಕೊರಿಯಾವನ್ನಾಳುತ್ತಿದ್ದ ಗೊರ್ಯೊ ಅರಸೊತ್ತಿಗೆಯು, ಬುದ್ಧನ ಅನುಗ್ರಹದಿಂದಲೇ ನಾಡು ಉಳಿದೀತೆಂಬ ಶ್ರದ್ಧೆಯಿಂದ, ಯುದ್ಧದ ನಡುವೆಯೇ ಎಲ್ಲವನ್ನೂ ಮೊದಲಿನಿಂದ ಕೆತ್ತಿಸಿತು. 1251ರಲ್ಲಿ ಆ ಕಾರ್ಯ ಮುಗಿಯಿತು. ಸುಗಿ ಎಂಬ ಭಿಕ್ಷು ಬೇರೆಬೇರೆ ಪಾಠಗಳನ್ನು ಹೋಲಿಸಿ, ತಪ್ಪುಗಳನ್ನು ತಿದ್ದಿದನು.

ಒಂದು ಫಲಕವನ್ನು ನೋಡಿರಿ: ಎರಡು ಮಗ್ಗುಲಲ್ಲಿಯೂ ತಿರುಗುಮುರುಗಾಗಿ ಕೆತ್ತಿದ ಚೀನೀ ಲಿಪಿ, ಮಗ್ಗುಲೊಂದಕ್ಕೆ 23 ಸಾಲು, ಸಾಲಿಗೆ 14 ಅಕ್ಷರ. ಎರಡು ತುದಿಗಳಲ್ಲಿಯೂ ಫಲಕಕ್ಕಿಂತ ದಪ್ಪನಾದ ಮರದ ಪಟ್ಟಿ. ಅದರಿಂದಾಗಿ ಸಾಲಾಗಿ ನಿಲ್ಲಿಸಿದಾಗ ಅಕ್ಷರಕ್ಕೆ ಅಕ್ಷರ ತಾಗದು, ನಡುವೆ ಗಾಳಿ ಸುಳಿದಾಡುವಷ್ಟು ಎಡೆ ಉಳಿಯುತ್ತದೆ.

ಆ ಗಾಳಿಯನ್ನು ಬರಮಾಡಿಕೊಳ್ಳುವುದೇ ಕಟ್ಟಡದ ವಿದ್ಯೆ. 1398ರಲ್ಲಿ ಫಲಕಗಳು ಈ ಬೆಟ್ಟಕ್ಕೆ ಬಂದುವು. ಈಗಿನ ಕಟ್ಟಡಗಳು ಹದಿನೈದನೆಯ ಶತಮಾನದವು. ಮುಂದಣ ಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಕಿರಿದು. ಹಿಂದಣ ಗೋಡೆಯಲ್ಲಿ ಇದು ತಲೆಕೆಳಗು. ಗಾಜಿಲ್ಲ, ಕದವಿಲ್ಲ, ಬರಿಯ ಮರದ ಸರಳುಗಳು. ಕೆಳಗಿನಿಂದ ಹೊಕ್ಕ ಕಣಿವೆಯ ಗಾಳಿಯು ಮೇಲೇರುತ್ತ, ಒಳಗೆಲ್ಲ ಸುತ್ತಾಡಿ, ಹಿಂದಿನ ಮೇಲ್ಗಿಂಡಿಯಿಂದ ಹೊರಬೀಳುತ್ತದೆ. ನೆಲದಡಿಯಲ್ಲಿ ಇದ್ದಿಲು, ಉಪ್ಪು, ಸುಣ್ಣಗಳನ್ನು ಮಣ್ಣಿನೊಡನೆ ಬೆರಸಿ ಗಟ್ಟಿಸಿರುವುದರಿಂದ, ಮಳೆಗಾಲದ ತೇವವನ್ನು ಅದು ಹೀರಿಕೊಂಡು, ಒಣಹವೆಯಲ್ಲಿ ಮೆಲ್ಲನೆ ಬಿಟ್ಟುಕೊಡುತ್ತದೆ. ಅಲಂಕಾರಗಳಿಗೆ ಮನಸೋಲುವ ನಾವು, ಇಂತಹ ನಿರಾಡಂಬರವಾದ ಜಾಣ್ಮೆಯನ್ನೂ ಮಹಾಶಿಲ್ಪವೆಂದೇ ಎಣಿಸಬೇಕು.

1970ರ ದಶಕದಲ್ಲಿ ಈ ಫಲಕಗಳಿಗೆಂದು ಆಧುನಿಕ ಸಲಕರಣೆಗಳ ಹೊಸ ಭಂಡಾರವೊಂದನ್ನು ಕಟ್ಟಿಸಿ, ಪರೀಕ್ಷಾರ್ಥವಾಗಿ ಕೆಲವು ಫಲಕಗಳನ್ನು ಅಲ್ಲಿ ಇರಿಸಿದರು. ಅವು ಕೆಡತೊಡಗಿದುವು. ಸ್ಥಳಾಂತರದ ಯೋಚನೆಯನ್ನು ಅಲ್ಲಿಗೇ ಕೈಬಿಡಲಾಯಿತು. ಫಲಕಗಳು ಇಂದಿಗೂ ಆ ಮರದ ಕಟ್ಟಡಗಳಲ್ಲಿಯೇ ಇವೆ.