ಏರಿದ ನಾಡಿ ಇಳಿಯಬೇಡವೆ?

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಬಸ್ಸು ತಪ್ಪುವುದು, ಮೇಲಧಿಕಾರಿಯ ಗದರಿಕೆ, ಮಕ್ಕಳ ಪರೀಕ್ಷೆ, ತಿಂಗಳ ಕೊನೆಯ ಲೆಕ್ಕಾಚಾರ—ಇವಾವುವೂ ಪ್ರಾಣಾಪಾಯದ ಸಂಗತಿಗಳಲ್ಲ. ಆದರೂ ಹುಲಿಯನ್ನು ಕಂಡಾಗ ಶರೀರವು ಹೇಗೆ ವರ್ತಿಸುವುದೋ ಇಂತಹ ಪ್ರಸಂಗಗಳಲ್ಲಿಯೂ ಬಹುಮಟ್ಟಿಗೆ ಹಾಗೆಯೇ ವರ್ತಿಸುತ್ತದೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಡವಗುಟ್ಟುತ್ತದೆ, ಉಸಿರು ಚುರುಕಾಗುತ್ತದೆ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬಂದು ಸೇರುತ್ತದೆ. ಜೀರ್ಣಕಾರ್ಯ ಮಾತ್ರ ಹಿಂದೆ ಸರಿಯುತ್ತದೆ. ‘ಹೋರಾಡು, ಇಲ್ಲವೆ ಓಡು’ ಎಂಬ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಎಡೆಬಿಡದ ಪೀಡೆಗೆ ಗುರಿಯಾದ ಇಲಿಗಳಲ್ಲಿ ಈ ಗ್ರಂಥಿಗಳು ಹಿಗ್ಗಿ, ಜಠರದಲ್ಲಿ ಹುಣ್ಣಾಗುವುದನ್ನು ಕೆನಡದಲ್ಲಿದ್ದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ತಿಳಿಸಿದರು.

ಹಾಗಾದರೆ ಉದ್ವೇಗವು ಶತ್ರುವೆ? ಅಲ್ಲ. ಕಾರ್ಕಳದ ಬಂಡೆಯನ್ನು ಹತ್ತಿ, 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಗೊಮ್ಮಟನೆದುರು ನಿಂತವರ ಎದೆಯೂ ಡವಗುಟ್ಟುತ್ತದೆ. ಕಾಪುವಿನ ಕಡಲಂಚಿನಲ್ಲಿ 1901ರ ದೀಪಸ್ತಂಭವನ್ನು ಏರಿದವರದೂ ಅಷ್ಟೆ. ಅಲ್ಲಿಯೇ ಐದು ನಿಮಿಷ ಕುಳಿತರೆ ಮೆದುಳಿನಿಂದ ಹೃದಯಕ್ಕೆ ಬಂದಿರುವ ವೇಗಸ್ ನರವು ಕಡಿವಾಣ ಹಿಡಿದು ನಾಡಿಯನ್ನು ಇಳಿಸುತ್ತದೆ. ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ನಿಧಾನವಾಗಿ ಏರುವ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಇಳಿಯಲು ಒಂದೆರಡು ಗಂಟೆ ಬೇಕು. ಏರುವುದು ದೇಹಧರ್ಮ, ಇಳಿಯುವುದೂ ದೇಹಧರ್ಮವೇ.

ಕೆಡುಕಿರುವುದು ಇಳಿಯಗೊಡದಿರುವಲ್ಲಿ. ಕಚೇರಿಯ ಜಗಳವನ್ನು ಮನೆಗೆ ತಂದವನು ಊಟಕ್ಕೆ ಕುಳಿತಾಗ ಒಮ್ಮೆ, ಹಾಸಿಗೆಯಲ್ಲಿ ಇನ್ನೊಮ್ಮೆ ಮನಸ್ಸಿನಲ್ಲಿಯೇ ಅದನ್ನು ಆಡುತ್ತಾನೆ. ಉಳಿದುದನ್ನು ಮೊಬೈಲು ಹೊತ್ತು ತರುತ್ತದೆ. ಜಗಳವು ಮುಗಿದುಹೋದುದೆಂದು ಗ್ರಂಥಿಗಳು ಅರಿಯವು. ನೆನೆದಾಗಲೆಲ್ಲ ಶರೀರವು ಮತ್ತೆ ಸಜ್ಜಾಗುತ್ತದೆ. ಇದು ವರ್ಷಾನುಗಟ್ಟಲೆ ನಡೆದರೆ ನಿದ್ರೆ ಕೆಡುತ್ತದೆ. ರಕ್ತದೊತ್ತಡ, ಹೃದ್ರೋಗಗಳ ಸಂಭವ ಹೆಚ್ಚುತ್ತದೆ.

1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಮಣಿಪಾಲವು ಚಿಕಿತ್ಸೆಗೆ ಹೆಸರಾದ ಊರು. ಎದೆನೋವು ಕಂಡಾಗ, ವಾರಗಟ್ಟಲೆ ನಿದ್ರೆ ಬಾರದಿದ್ದಾಗ ವೈದ್ಯರನ್ನು ಕಾಣಲೇಬೇಕು. ಆದರೆ ನಿತ್ಯದ ಚೇತರಿಕೆಗೆ ಬೇಕಾದುದು ಮನೆಯಲ್ಲಿಯೇ ಉಂಟು. ನಿಮಿಷಕ್ಕೆ ಆರರಂತೆ ನಿಧಾನವಾಗಿ ಉಸಿರಾಡಿದರೆ ವೇಗಸ್ ನರಕ್ಕೆ ಬಲ ಬರುತ್ತದೆ. ಸಂಜೆಯ ನಡಿಗೆಯಲ್ಲಿ ರಕ್ತಕ್ಕೆ ಬಂದ ಸಕ್ಕರೆಯನ್ನು ಸ್ನಾಯುಗಳು ಬಳಸಿಕೊಳ್ಳುತ್ತವೆ. ಗಾಢನಿದ್ರೆಯಲ್ಲಿ ರಕ್ತದೊತ್ತಡವು ತಾನಾಗಿ ತಗ್ಗುತ್ತದೆ. ಮನೆಮಂದಿಯೊಡನೆ ಕುಳಿತು, ಕಚೇರಿಯ ಮಾತೆತ್ತದೆ ಮಾಡುವ ಒಂದು ಹೊತ್ತಿನ ಊಟವೂ ಇದೇ ಚಿಕಿತ್ಸೆಯ ಭಾಗವೇ ಸರಿ.