ನೆರೆಮನೆಯ ಹಿಂಸೆ ಮತ್ತು ಸಾಮಾಜಿಕ ರೂಢಿ

ಮೈಸೂರಿನ ಹಳೆಯ ಮೊಹಲ್ಲಾಗಳ ವಠಾರಗಳಲ್ಲಿ ಎರಡು ಸಂಸಾರಗಳ ನಡುವೆ ಇರುವುದು ಒಂದೇ ಗೋಡೆ. ಒಂದು ಮನೆಯ ಒಗ್ಗರಣೆಯ ಸದ್ದು ಮತ್ತೊಂದಕ್ಕೆ ಕೇಳಿಸುವಲ್ಲಿ, ಪೆಟ್ಟು ತಿಂದ ಹೆಂಗಸಿನ ಕೂಗು ಕೇಳಿಸದೆ ಇರಲಾರದು. ಆದರೂ ಎದ್ದು ಹೋಗಿ ಬಾಗಿಲು ತಟ್ಟುವವರು ವಿರಳ. ಇದರ ಕಾರಣವನ್ನು ನಾವಿಲ್ಲಿ ವಿಚಾರಿಸುವೆವು.

ವಿಷಯವು ಅಲ್ಪವಾದುದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನೊಳಗಿನ ವಿವಾಹಿತೆಯರ ಪೈಕಿ ಶೇಕಡಾ 44ರಷ್ಟು ಮಂದಿ ಪತಿಯಿಂದ ಹಿಂಸೆಗೊಳಗಾದುದನ್ನು ತಿಳಿಸಿದರು. ಇಡೀ ದೇಶದಲ್ಲಿ ಹಿಂಸೆಯನ್ನನುಭವಿಸಿದ ಸ್ತ್ರೀಯರಲ್ಲಿ ನೆರವು ಕೋರಿದವರು ಶೇಕಡಾ 14 ಮಾತ್ರ. ಬಾಯಿಬಿಟ್ಟು ಕೇಳಲಾರದವರಿಗೆ ನೆರೆಯವರ ಕಿವಿಯೇ ಆಸರೆ.

ನೋಡುವವರು ಹೆಚ್ಚಾದಷ್ಟೂ ಒಬ್ಬೊಬ್ಬನ ಹೊಣೆ ಕಡಮೆಯಾಗುವುದೆಂಬುದು ಪ್ರಸಿದ್ಧವಾದ ಒಂದು ಉತ್ತರ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದ ಪ್ರಯೋಗದಲ್ಲಿ, ಮೂರ್ಛೆಹೋಗುತ್ತಿರುವವನ ದನಿಯನ್ನು ತಾನೊಬ್ಬನೇ ಕೇಳುತ್ತಿರುವೆನೆಂದು ತಿಳಿದವರ ಪೈಕಿ ಶೇಕಡಾ 85 ಮಂದಿ ಆ ದನಿ ನಿಲ್ಲುವ ಮೊದಲೇ ನೆರವಿಗೆ ಹೊರಟರು. ಇನ್ನೂ ನಾಲ್ವರು ಕೇಳುತ್ತಿರುವರೆಂದು ತಿಳಿದವರಲ್ಲಿ ಹಾಗೆ ಹೊರಟವರು ಶೇಕಡಾ 31.

ಆದರೆ ಸಂಖ್ಯೆಯೊಂದೇ ಕಾರಣವಲ್ಲ. ಶಾಟ್‌ಲ್ಯಾಂಡ್ ಮತ್ತು ಸ್ಟ್ರಾ ಎಂಬವರು 1976ರಲ್ಲಿ ಗಂಡಸೊಬ್ಬನು ಹೆಂಗಸಿನ ಮೇಲೆ ಕೈಮಾಡುವ ದೃಶ್ಯವನ್ನು ಅಭಿನಯಿಸಿ ತೋರಿಸಿದರು. ಅವಳು ‘ನೀನು ಯಾರೋ ನಾನರಿಯೆ’ ಎಂದು ಕೂಗಿದಾಗ ಶೇಕಡಾ 65 ಮಂದಿ ನಡುವೆ ಬಂದರು. ‘ನಿನ್ನನ್ನೇಕೆ ಮದುವೆಯಾದೆನೋ’ ಎಂದಾಗ ಶೇಕಡಾ 19 ಮಂದಿ ಮಾತ್ರ. ಪೆಟ್ಟು ಅದೇ, ಬದಲಾದುದು ಸಂಬಂಧದ ಹೆಸರು.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯಿಂದ ನಾವು ಕಲಿತಿರುವುದೂ ಇದನ್ನೇ. ಮನಸ್ಸಿನೊಳಗೆ ಹಿಂಸೆಯನ್ನು ಒಪ್ಪದವನೂ, ಸುತ್ತಲಿನ ಮುಚ್ಚಿದ ಬಾಗಿಲುಗಳನ್ನು ಕಂಡು, ಉಳಿದವರಿಗೆ ಇದು ಸಮ್ಮತವೆಂದು ಊಹಿಸುತ್ತಾನೆ. ಅವನ ಮುಚ್ಚಿದ ಬಾಗಿಲು ಉಳಿದವರಿಗೆ ಅದೇ ಅರ್ಥವನ್ನು ಕೊಡುತ್ತದೆ. ಹೀಗೆ ಯಾರಿಗೂ ಬೇಡವಾದ ಮೌನವು ಎಲ್ಲರ ರೂಢಿಯಾಗಿ ನಿಲ್ಲುತ್ತದೆ.

ಕಾನೂನು ಈ ರೂಢಿಯನ್ನು ಒಪ್ಪಿಲ್ಲ. 2005ರ ಕೌಟುಂಬಿಕ ಹಿಂಸೆಯ ಅಧಿನಿಯಮದ 4ನೆಯ ಪ್ರಕರಣದಂತೆ, ಹಿಂಸೆ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬಾರದು. 112 ಮತ್ತು 181 ಸಂಖ್ಯೆಗಳಿಗೆ ಕರೆಮಾಡಿಯೂ ನೆರವು ಪಡೆಯಬಹುದು. 2008ರಲ್ಲಿ ಆರಂಭವಾದ ‘ಬೆಲ್ ಬಜಾವೊ’ ಪ್ರಚಾರವು ಇನ್ನೂ ಸುಲಭವಾದ ದಾರಿಯನ್ನು ತೋರಿತು: ಹಾಲನ್ನೋ ಚೆಂಡನ್ನೋ ಕೇಳುವ ನೆವದಿಂದ ಆ ಮನೆಯ ಗಂಟೆಯನ್ನೊತ್ತುವುದು.

ಹೆಪ್ಪಿಗೆ ಮಜ್ಜಿಗೆ ಬೇಡಿ ಪಕ್ಕದ ಮನೆಗೆ ಹೋಗುವ ವಾಡಿಕೆ ವಠಾರಕ್ಕೆ ಹೊಸದಲ್ಲ. ಅದೇ ಬಟ್ಟಲನ್ನು ಹಿಡಿದು, ಕೂಗು ಕೇಳಿದ ಹೊತ್ತಿನಲ್ಲಿ ಒಬ್ಬರು ಹೊರಟರೆ, ಉಳಿದ ಬಾಗಿಲುಗಳೂ ತೆರೆಯುವುದಕ್ಕೆ ಆಸ್ಪದವಾಗುತ್ತದೆ.