'ರನ್': ಒಂದು ಪುಟ್ಟ ಪದದ ನೂರಾರು ಅರ್ಥ

ಇಂಗ್ಲಿಷಿನ 'ರನ್' ಎಂದರೇನು ಎಂದು ಕೇಳಿದರೆ ಪ್ರಾಥಮಿಕ ಶಾಲೆಯ ಮಗುವೂ 'ಓಡು' ಎನ್ನುತ್ತದೆ. ಉತ್ತರ ಸರಿಯೇ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಈ ಒಂದು ಕ್ರಿಯಾಪದವನ್ನು ಪರಿಷ್ಕರಿಸಲು 9 ತಿಂಗಳು ಹಿಡಿಯಿತು. ಅವರು ಬಿಡಿಸಿಟ್ಟ ಅರ್ಥಗಳು 645. ನಾಮಪದವಾಗಿ ಬರುವ 'ರನ್' ಈ ಲೆಕ್ಕದಲ್ಲಿ ಸೇರಿಲ್ಲ.

ಅದಕ್ಕೂ ಮುಂಚೆ ಬಹುಕಾಲ ಅತಿ ಹೆಚ್ಚು ಅರ್ಥಗಳಿರುವ ಪದವೆಂಬ ಹಿರಿಮೆ 'ಸೆಟ್' ಪದದ್ದಾಗಿತ್ತು. 1989ರ ಎರಡನೇ ಆವೃತ್ತಿಯಲ್ಲಿ ಅದಕ್ಕೆ 430ರಷ್ಟು ಅರ್ಥಗಳಿದ್ದವು. ನಿಘಂಟಿನ ಪರಿಷ್ಕರಣೆ ಮುಂದುವರಿದಂತೆ 2000ದಲ್ಲಿ 'ಮೇಕ್', 2007ರಲ್ಲಿ 'ಪುಟ್', 2011ರಲ್ಲಿ 'ರನ್' ಮೊದಲ ಸ್ಥಾನಕ್ಕೆ ಬಂದವು. ಇವೆಲ್ಲ ಒಂದೇ ಉಸಿರಿಗೆ ಮುಗಿಯುವ, ಮನೆಮಾತಿನ ಪದಗಳು. 'ಫೋಟೊಸಿಂಥಸಿಸ್'ನಂಥ ಉದ್ದನೆಯ ಶಾಸ್ತ್ರಪದಕ್ಕೆ ಇರುವುದು ಒಂದೇ ಅರ್ಥ. ಅದನ್ನು ಒಮ್ಮೆ ಕಲಿತರೆ ಮುಗಿಯಿತು. ಇಂಗ್ಲಿಷ್ ಕಲಿಯುವವರನ್ನು ನಿಜಕ್ಕೂ ಕಾಡುವುದು ಈ ಚಿಕ್ಕ ಪದಗಳೇ.

ಇಂಗ್ಲಿಷಿನವರ ಮಾತಿನಲ್ಲಿ ಹುಡುಗ, ನದಿ, ನೆಗಡಿಯಾದ ಮೂಗು, ಒಗೆದ ಬಟ್ಟೆಯ ಬಣ್ಣ, ಊರಂಚಿನ ರಸ್ತೆ, ಅಂಗಡಿ, ಕಂಪ್ಯೂಟರಿನ ಪ್ರೋಗ್ರಾಂ ಎಲ್ಲಕ್ಕೂ 'ರನ್' ಒಂದೇ ಸಾಕು. ನಮಗೆ ಸಾಲದು. ಹುಡುಗ ಓಡುತ್ತಾನೆ, ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ರಸ್ತೆ ಹಾದುಹೋಗುತ್ತದೆ, ಅಂಗಡಿ ನಡೆಯುತ್ತದೆ. ಬಸ್ಸು ಮತ್ತು ಸಿನಿಮಾ ಮಾತ್ರ ಎರಡೂ ಭಾಷೆಗಳಲ್ಲಿ ಓಡುತ್ತವೆ. ಚುನಾವಣೆಯ ವಿಷಯ ಇನ್ನೂ ಸೊಗಸು. ಅಮೆರಿಕದ ಅಭ್ಯರ್ಥಿ ಚುನಾವಣೆಗೆ 'ರನ್' ಮಾಡುತ್ತಾನೆ, ಬ್ರಿಟನ್ನಿನ ಅಭ್ಯರ್ಥಿ 'ಸ್ಟ್ಯಾಂಡ್' ಮಾಡುತ್ತಾನೆ. ನಮ್ಮಲ್ಲೂ ಚುನಾವಣೆಗೆ ನಿಲ್ಲುವುದೇ ರೂಢಿ.

ಒಂದು ಪದಕ್ಕೆ ಇಷ್ಟೊಂದು ಅರ್ಥ ಹೇಗೆ ಬಂದವು? ಒಂದು ಕಾರಣ ಪದದ ಹುಟ್ಟಿನಲ್ಲೇ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಇದರ ಪೂರ್ವರೂಪ ಕಾಲಿನ ಓಟಕ್ಕೂ ನೀರಿನ ಹರಿವಿಗೂ ಸಲ್ಲುತ್ತಿತ್ತು. ಸೋದರ ಭಾಷೆ ಜರ್ಮನ್‌ನಲ್ಲಿ ಇಂದಿಗೂ ಓಡುವುದಕ್ಕೆ 'ರೆನ್ನೆನ್', ಹರಿಯುವುದಕ್ಕೆ 'ರಿನ್ನೆನ್' ಎಂಬ ಎರಡು ಪದಗಳಿವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಉಳಿಯಿತು. ಮೂಗು, ನಲ್ಲಿ, ಬಣ್ಣ, ಕಣ್ಣೀರಿನ ಅರ್ಥಗಳೆಲ್ಲ ಈ ಹರಿವಿನ ಕವಲಿನಿಂದ ಬಂದವು.

ಇನ್ನೊಂದು ಕಾರಣ ವ್ಯಾಕರಣ. ನನ್ನ ಮಟ್ಟಿಗೆ ಕನ್ನಡಿಗರು ಹೆಚ್ಚು ಗಮನಿಸಬೇಕಾದದ್ದು ಇದೇ. ನಾವು 'ಓಡು' ಎಂಬುದಕ್ಕೆ 'ಇಸು' ಸೇರಿಸಿ 'ಓಡಿಸು' ಮಾಡುತ್ತೇವೆ. ನಡೆ ನಡೆಸು ಆಗುತ್ತದೆ, ಹರಿ ಹರಿಸು ಆಗುತ್ತದೆ. ತಾನೇ ಮಾಡುವುದು ಯಾವುದು, ಇನ್ನೊಂದರಿಂದ ಮಾಡಿಸುವುದು ಯಾವುದು ಎಂಬುದು ಪದದ ರೂಪದಲ್ಲೇ ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲೂ ಓಡಿಸುವುದಕ್ಕೆ ಬೇರೆ ರೂಪವಿತ್ತು. ಆ ರೂಪ ಬಳಕೆಯಿಂದ ಬಿದ್ದುಹೋಯಿತು, ಕ್ರಿಯಾಪದಗಳ ಪ್ರತ್ಯಯಗಳೂ ಬಹುಪಾಲು ಸವೆದವು. ಹೀಗಾಗಿ ಹೋಟೆಲು ನಡೆಯುವುದಕ್ಕೂ 'ರನ್', ಒಡತಿ ಅದನ್ನು ನಡೆಸುವುದಕ್ಕೂ 'ರನ್'. ನಾಮಪದಕ್ಕೂ ಅದೇ ರೂಪ. ಕ್ರಿಕೆಟಿನ 'ರನ್' ಬಂದದ್ದು ವಿಕೆಟ್ಟುಗಳ ನಡುವಿನ ಓಟದಿಂದ. ಬಹಳ ಹಿಂದೆ ರನ್ನುಗಳನ್ನು ಲೆಕ್ಕ ಹಾಕುವವರು ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರು. ಆಗ ಅದಕ್ಕೆ ಕಚ್ಚು ಎಂಬರ್ಥದ 'ನಾಚ್' ಎಂಬ ಹೆಸರೂ ಇತ್ತು.

'ಔಟ್', 'ಇನ್‌ಟು', 'ಓವರ್', 'ಅಪ್', 'ಡೌನ್' ಎಂಬ ಬಾಲಗಳ ಕೆಲಸವೂ ದೊಡ್ಡದು. 'ರನ್ ಔಟ್' ಎಂದರೆ ಡಬ್ಬಿಯ ಸಕ್ಕರೆ ಮುಗಿಯುವುದು, ಕ್ರಿಕೆಟಿನಲ್ಲಿ ಬೇರೆಯೇ. 'ರನ್ ಇನ್‌ಟು' ಎಂದರೆ ಹಳೆಯ ಗೆಳೆಯ ದಾರಿಯಲ್ಲಿ ಅಕಸ್ಮಾತ್ತಾಗಿ ಸಿಗುವುದು, 'ರನ್ ಓವರ್' ಎಂದರೆ ವಾಹನ ಮೈಮೇಲೆ ಹರಿಯುವುದು, 'ರನ್ ಅಪ್' ಎಂದರೆ ಸಾಲ ಬೆಳೆಸಿಕೊಳ್ಳುವುದು. ಬಾಲ ಬದಲಾದಂತೆಲ್ಲ ನಿಘಂಟಿನಲ್ಲಿ ಹೊಸ ಸಾಲು ಸೇರುತ್ತದೆ. ಇವುಗಳ ಜೊತೆಗೆ ಕೈಗಾರಿಕಾ ಕ್ರಾಂತಿಯೂ ಬಂತು. ಗಿರಣಿ, ಉಗಿಯಂತ್ರ, ರೈಲು ಒಂದೊಂದಾಗಿ ಬಂದಾಗ ಜನ ಅವುಗಳ ಚಲನೆಗೆ ಹೊಸ ಪದ ಹುಡುಕಲಿಲ್ಲ, ಇದ್ದ ಪದವನ್ನೇ ಕೊಟ್ಟರು. ಕಂಪ್ಯೂಟರಿಗೂ ಹಾಗೇ ಆಯಿತು.

ಒಂದು ಪದಕ್ಕೆ ಹಲವು ಅರ್ಥ ಇರುವಂತೆ, ಒಂದು ಅರ್ಥಕ್ಕೆ ಹಲವು ಪದಗಳೂ ಇವೆ. ನಮ್ಮ ಹಿಂದಿನವರು ಮೊದಲನೆಯದನ್ನು ನಾನಾರ್ಥ ಎಂದೂ ಎರಡನೆಯದನ್ನು ಪರ್ಯಾಯಪದ ಎಂದೂ ಕರೆದರು. ಇಂಗ್ಲಿಷಿನಲ್ಲಿ ಎರಡನೆಯದಕ್ಕೆ ದೊಡ್ಡ ಹೆಸರು ಪೀಟರ್ ಮಾರ್ಕ್ ರೊಜೆ. ವೃತ್ತಿಯಲ್ಲಿ ವೈದ್ಯರಾಗಿದ್ದ ಇವರು 1805ರಲ್ಲೇ ಪದಗಳನ್ನು ಗುಂಪು ಮಾಡಲು ತೊಡಗಿದರು, ತಮ್ಮ 'ಥಿಸಾರಸ್' ಪ್ರಕಟಿಸಿದ್ದು 1852ರಲ್ಲಿ, 73ನೇ ವಯಸ್ಸಿನಲ್ಲಿ. ಅಕಾರಾದಿಯನ್ನು ಬಿಟ್ಟು ವಿಚಾರಗಳ ಪ್ರಕಾರ ಸುಮಾರು 1,000 ತಲೆಬರಹಗಳ ಕೆಳಗೆ ಪದಗಳನ್ನು ಜೋಡಿಸಿದರು. ಇದೇ ಕ್ರಮದ ಹಿಂದಿನ ಕೃತಿಗಳನ್ನು ಹೇಳುವಾಗ ಅವರು ನಮ್ಮ ಅಮರಕೋಶವನ್ನೂ ಹೆಸರಿಸಿದ್ದಾರೆ. ಕೋಲ್‌ಬ್ರೂಕ್ ಎಂಬ ವಿದ್ವಾಂಸ ಅದನ್ನು 1808ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಇಂಗ್ಲಿಷ್ ಅರ್ಥಗಳೊಡನೆ ಅಚ್ಚು ಹಾಕಿಸಿದ್ದರು. ಕನ್ನಡ ನಾಡಿನ ಎಷ್ಟೋ ಪಾಠಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಆ ಕೋಶ, ಇಂಗ್ಲಿಷಿನ ಅತಿ ಹೆಸರುವಾಸಿ ಪರ್ಯಾಯಪದ ಕೋಶದ ಮುನ್ನುಡಿಯಲ್ಲಿ ಕಾಣಿಸಿಕೊಂಡಿದೆ ಎಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದು. ತಿಳಿಯಬೇಕು.

ಓಟಕ್ಕೆ ಇಂಗ್ಲಿಷಿನಲ್ಲಿರುವ ಪರ್ಯಾಯಪದಗಳನ್ನು ನೋಡಿ. 'ಜಾಗ್' ಎಂದರೆ ಏದುಸಿರು ಬಿಡದೆ ಹದವಾಗಿ ಓಡುವುದು. 'ಸ್ಪ್ರಿಂಟ್' ಎಂದರೆ ಸ್ವಲ್ಪ ದೂರವನ್ನು ಇದ್ದ ಬಲವೆಲ್ಲ ಹಾಕಿ ಓಡುವುದು. ಕುದುರೆಯ ನಡೆಗಳಾದ 'ಟ್ರಾಟ್', 'ಗ್ಯಾಲಪ್' ಫ್ರೆಂಚಿನಿಂದ ಬಂದವು. ಬೆದರಿದ ಪ್ರಾಣಿ ತಟಕ್ಕನೆ ಕಿತ್ತು ಓಡಿದರೆ 'ಬೋಲ್ಟ್', ಅಪಾಯದಿಂದ ತಪ್ಪಿಸಿಕೊಂಡು ಹೋದರೆ 'ಫ್ಲೀ'. 'ರೇಸ್' ಸ್ಕ್ಯಾಂಡಿನೇವಿಯದ ಮೂಲದ್ದು. ಅಂಗಡಿ ನಡೆಸುವ ಅರ್ಥಕ್ಕೆ ಹೋದರೆ ಲ್ಯಾಟಿನ್ ಮೂಲದ 'ಆಪರೇಟ್' ಸಿಗುತ್ತದೆ, ಇಟಲಿಯಿಂದ ಬಂದ 'ಮ್ಯಾನೇಜ್' ಸಿಗುತ್ತದೆ. ಮ್ಯಾನೇಜ್‌ಗೆ ಮೊದಲಿದ್ದ ಅರ್ಥ ಕುದುರೆ ಪಳಗಿಸುವುದು.

ಹೀಗೆ ಬೇರೆ ಬೇರೆ ಕಡೆಯಿಂದ ಬಂದ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕನ್ನಡದಲ್ಲೇ ಇದಕ್ಕೆ ಸಾಕ್ಷಿ ಇದೆ: ಅಚ್ಚಗನ್ನಡದ ಓಡಿಹೋಗು, ಸಂಸ್ಕೃತದ ಪಲಾಯನ, ಉರ್ದುವಿನಿಂದ ಬಂದ ಪರಾರಿ. ಸೋತ ರಾಜ ಪಲಾಯನ ಮಾಡುತ್ತಾನೆ, ಪತ್ರಿಕೆಗಳಲ್ಲಿ ಆರೋಪಿ ಪರಾರಿಯಾಗುತ್ತಾನೆ, ಅಪ್ಪ ಬೈದ ಸಿಟ್ಟಿಗೆ ಹುಡುಗ ಮನೆಬಿಟ್ಟು ಓಡಿಹೋಗುತ್ತಾನೆ. ಹುಡುಗ ಪರಾರಿಯಾದ ಎಂದರೆ ಅವನ ಮೇಲೆ ಕಳ್ಳತನದ ಅನುಮಾನವೇ ಬಂದೀತು.

ಶಾಲೆಗಳಲ್ಲಿ ಇಂಗ್ಲಿಷ್ ಪದದ ಎದುರು ಒಂದು ಕನ್ನಡ ಪದ ಬರೆಸಿ ಕಂಠಪಾಠ ಮಾಡಿಸುವ ಕ್ರಮ ಇನ್ನೂ ಉಳಿದಿದೆ. 'ರನ್' ಎಂದರೆ ಓಡು ಎಂದಷ್ಟೇ ಕಲಿತ ವಿದ್ಯಾರ್ಥಿ ಜ್ವರದ ಜೊತೆ 'ರನ್' ಬಂದ ವಾಕ್ಯ ಕಂಡಾಗ ತಡವರಿಸುತ್ತಾನೆ. ಅಲ್ಲಿ ಯಾರೂ ಓಡುತ್ತಿಲ್ಲ. ಮಗುವಿಗೆ ಜ್ವರ ಬಂದಿದೆ, ಅಷ್ಟೆ. ಈ ಕ್ರಮ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ. ಆಕ್ಸ್‌ಫರ್ಡ್ ನಿಘಂಟನ್ನು ಕಟ್ಟಿದವರು ಹೀಗೆ ಕೆಲಸ ಮಾಡಲಿಲ್ಲ. ಜೇಮ್ಸ್ ಮರ್ರಿ ಮತ್ತು ಸಂಗಡಿಗರಿಗೆ ಸಾವಿರಾರು ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳಿಸಿದರು. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿ ಅಂಥ 18 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಸಂಪಾದಕರು ಮೊದಲು ವಾಕ್ಯಗಳನ್ನು ಗುಂಪು ಮಾಡಿದರು, ಅರ್ಥವನ್ನು ಆಮೇಲೆ ಬರೆದರು.

ಮನೆಯಲ್ಲಿ ಕಲಿಯುವವರಿಗೂ ಇದೇ ದಾರಿ ಒಳ್ಳೆಯದು. ಹೊಸ ಪದ ಸಿಕ್ಕಾಗ ಅದು ಬಂದ ಇಡೀ ವಾಕ್ಯವನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ, ಅದರ ಕೆಳಗೆ ಅದೇ ಮಾತನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆ ಕನ್ನಡದಲ್ಲಿ ಬರೆಯಿರಿ. 'ರನ್'ನಿಂದಲೇ ಶುರು ಮಾಡಿ. ಇಂದಿನ ಇಂಗ್ಲಿಷ್ ಪತ್ರಿಕೆಯಲ್ಲಿ ಅದು ಬೇರೆ ಬೇರೆ ಅರ್ಥದಲ್ಲಿ ಹಲವು ಸಲ ಸಿಗುತ್ತದೆ.